ಕರಡಿ ತಿಂದ ರವೆ ಉಂಡೆ

ನಮ್ಮ ಮನೆಗೆ ಊಟಕ್ಕೆ ಬಂದವರು ಯಾರೂ ಅಡುಗೆಮನೆಯ ಶೆಲ್ಫಿನ ಮೇಲಿರುವ ಸ್ಟೀಲ್ ಡಬ್ಬಿಯ ವಿಷಯ ಕೇಳದೆ ಹೋಗುವುದಿಲ್ಲ. ಅದಕ್ಕೆ ಮುಚ್ಚಳವಿಲ್ಲ. ಒಂದು ಪಕ್ಕ ಒಳಕ್ಕೆ ನೆಗ್ಗಿದೆ, ಇನ್ನೊಂದು ಪಕ್ಕ ಎರಡು ತೂತುಗಳಿವೆ. ತಳದಲ್ಲಿ ನಮ್ಮ ಮಾವನವರ ಹೆಸರು ಕೊರೆಸಿದೆ, ಹಾಗಾಗಿ ಎಸೆಯುವ ಹಾಗೂ ಇಲ್ಲ. ಆ ತೂತು ಕರಡಿಯ ಹಲ್ಲಿನದು ಎಂದು ನಾನು ಹೇಳಿದ ಕೂಡಲೇ ಬಂದವರು ಸಾರು ಆರುತ್ತಿದ್ದರೂ ಲೆಕ್ಕಿಸದೆ ಕತೆ ಹೇಳಿ ಎಂದು ಕೂರುತ್ತಾರೆ. ನನಗೂ ಹೆಚ್ಚು ಬಲವಂತ ಬೇಕಾಗುವುದಿಲ್ಲ.

ಇಪ್ಪತ್ತು ವರ್ಷಕ್ಕೂ ಮೇಲಾಯಿತು, ಈ ಕತೆಯನ್ನು ಹೇಳುತ್ತಲೇ ಬಂದಿದ್ದೇನೆ. ಹಾಸನದಿಂದ ಬಂದ ನಮ್ಮ ಅತ್ತೆಯನ್ನು ಯೊಸೆಮಿಟಿಯ ಕಾಡಿಗೆ ಕರೆದುಕೊಂಡು ಹೋದದ್ದು, ಅತ್ತೆಯ ಮಡಿ, ನೈವೇದ್ಯದ ರವೆ ಉಂಡೆಯನ್ನು ಕಂಡವರ ಊಟದ ಜೊತೆ ಇಡುವುದಿಲ್ಲವೆಂದು ಅವರು ಹಟ ಹಿಡಿದದ್ದು, ಕರಡಿ ಬಂದು ಕಾರು ಮುರಿದು ನೈವೇದ್ಯ ಸ್ವೀಕರಿಸಿ ಹೋದದ್ದು. ಅತ್ತೆಯ ದನಿಯನ್ನೂ ಅನುಕರಿಸುತ್ತೇನೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಒಂದು ಸಲ ಅತ್ತೆಯ ಎದುರಿಗೇ ಇದನ್ನು ಹೇಳಿದ್ದೆ. ಮಜ್ಜಿಗೆ ಬಡಿಸುತ್ತಿದ್ದ ಅವರೂ ಎಲ್ಲರ ಜೊತೆ ನಕ್ಕಿದ್ದರು.

ಅತ್ತೆ ಈಗಿಲ್ಲ. ಕತೆಯಲ್ಲಿ ಕರಡಿ ನಿಜ, ಡಬ್ಬಿ ನಿಜ, ಉಂಡೆಯೂ ನಿಜ. ಅತ್ತೆ ಹಟ ಹಿಡಿದರೆಂಬುದು ಮಾತ್ರ ಸುಳ್ಳು. ಎದುರುಬದುರು ಕೂತು ಯಾರಿಗೂ ಹೇಳಲಾಗದೆ, ಮುಖ ಕಾಣದ ನಿಮ್ಮ ಹತ್ತಿರ ಹೇಳಿಕೊಳ್ಳಲು ಹೊರಟಿದ್ದೇನೆ.

ಡಾಟ್ ಕಾಮ್ ಕಾಲವೆಂದರೆ ಈಗಿನವರಿಗೆ ಅರ್ಥವಾಗುವುದು ಕಷ್ಟ. ಗ್ರೋಸರಿಯಿಂದ ಹಿಡಿದು ನಾಯಿಯ ಸರಪಳಿಯವರೆಗೆ ಎಲ್ಲವನ್ನೂ ಇಂಟರ್‌ನೆಟ್ಟಿನಲ್ಲಿ ಮಾರುತ್ತೇವೆಂದು ಹೊರಟ ಕಾಲ ಅದು. ಸಾಂಟಾ ಕ್ಲಾರಾದಲ್ಲಿದ್ದ ನಮ್ಮ ಕಂಪನಿ ಹೂಗಿಡ ಮಾರುತ್ತಿತ್ತು. ಗಿಡಗಳು ಗಿರಾಕಿಯ ಮನೆ ಸೇರುವ ಹೊತ್ತಿಗೆ ಬಾಡಿರುತ್ತಿದ್ದವು, ಆದರೂ ಆಫೀಸಿನಲ್ಲಿ ಎಲ್ಲರೂ ಕಂಪ್ಯೂಟರಿನ ಮೂಲೆಯಲ್ಲಿ ಷೇರಿನ ಬೆಲೆ ನೋಡಿಕೊಂಡು ಖುಷಿಯಾಗಿದ್ದೆವು. ನಾನಲ್ಲಿ ಟೆಸ್ಟರ್. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಿ, ಅದು ಯಾವ ಬಟನ್ ಒತ್ತಿದರೆ ಆಗುತ್ತದೆ, ಯಾರ ಭಾಗದಲ್ಲಿ ಆಗುತ್ತದೆ ಎಂದು ಇದ್ದದ್ದು ಇದ್ದ ಹಾಗೆ ಬರೆದು ಕಳಿಸುವುದು ನನ್ನ ಕೆಲಸ. ನಾನು ಬರುವುದನ್ನು ಕಂಡರೆ ಹುಡುಗರು ಕಾಫಿ ಕಪ್ ಎತ್ತಿಕೊಂಡು ಬೇರೆ ದಾರಿ ಹಿಡಿಯುತ್ತಿದ್ದರು. ವಸುಧಾ ಹತ್ತಿರ ಏನನ್ನೂ ಮುಚ್ಚಿಡಲಾಗುವುದಿಲ್ಲ ಎಂದು ನನ್ನ ಮ್ಯಾನೇಜರು ಹೊಗಳಿದ್ದನ್ನು ಮನೆಗೆ ಬಂದು ಮೂರು ಸಲ ಹೇಳಿದ್ದೆ.

ಊರಿನಿಂದ ಹಿರಿಯರು ಬಂದರೆ ನಮ್ಮಲ್ಲಿ ಒಂದು ಕ್ರಮವಿತ್ತು. ಮೊದಲ ವಾರ ನಿದ್ದೆ. ಎರಡನೆಯ ವಾರ ಸನ್ನಿವೇಲಿನ ದೇವಸ್ಥಾನ. ಮೂರನೆಯ ವಾರ ಸೀರೆಯ ಮೇಲೆ ಸ್ವೆಟರ್ ಹಾಕಿಸಿ ಕೆಂಪು ಸೇತುವೆಯ ಮುಂದೆ ಫೋಟೊ. ಆಮೇಲೆ ಯೊಸೆಮಿಟಿ. ಪುಳಿಯೋಗರೆ, ಚಪಾತಿ, ಚಟ್ನಿಪುಡಿ, ಮೊಸರನ್ನದ ಡಬ್ಬಿಗಳನ್ನು ಹೇರಿಕೊಂಡು, ಕಂಪ್ಯೂಟರಿನಿಂದ ಪ್ರಿಂಟ್ ತೆಗೆದ ದಾರಿಯ ಕಾಗದವನ್ನು ಗಂಡ ಡ್ರೈವ್ ಮಾಡುವಾಗ ಹೆಂಡತಿ ಗಟ್ಟಿಯಾಗಿ ಓದಿಕೊಂಡು, ದಾರಿ ತಪ್ಪಿ ಒಂದಿಷ್ಟು ಜಗಳವಾಡಿಕೊಂಡು ಹೋಗುವುದು. ಅಲ್ಲಿ ಹೋದ ಮೇಲೆ ಜಲಪಾತ ಕಂಡರೆ ನಮ್ಮ ಜೋಗದಷ್ಟಿಲ್ಲ ಎನ್ನುವುದು, ಬಂಡೆ ಕಂಡರೆ ಮಧುಗಿರಿ ಬೆಟ್ಟದ ಹಾಗಿದೆ ಎನ್ನುವುದು. ನಮ್ಮ ಕಡೆಯವರಿಗೆ ಒಂದು ಚೆಂದವನ್ನು ಇನ್ನೊಂದು ಚೆಂದದ ಪಕ್ಕದಲ್ಲಿ ನಿಲ್ಲಿಸದೆ ನೋಡಲು ಬರುವುದಿಲ್ಲ. ನನ್ನ ಅಪ್ಪನೂ ಹಿಂದಿನ ವರ್ಷ ಬಂದಾಗ ಇಡೀ ಕಣಿವೆಯನ್ನು ಮೇಲುಕೋಟೆಗೆ ಹೋಲಿಸಿ, ಕೊನೆಗೆ ಮೇಲುಕೋಟೆಯನ್ನೇ ಗೆಲ್ಲಿಸಿ ವಾಪಸು ಹೋಗಿದ್ದರು.

ಅತ್ತೆ ಬಂದ ವರ್ಷ ನಾವು ಹೊಸ ವ್ಯಾನು ಕೊಂಡಿದ್ದೆವು. ಹೋಟೆಲು ಬೇಡ, ಇಲ್ಲಿಯವರ ಹಾಗೆ ಡೇರೆ ಹಾಕಿ ಮಲಗೋಣ ಎಂದದ್ದು ನಾನೇ. ಮನೆ ಮಠ ಎಲ್ಲ ಇದ್ದೂ ನೆಲದ ಮೇಲೆ ಯಾಕೆ ಮಲಗಬೇಕೆಂದು ಅತ್ತೆ ಕೇಳಿದರು. ನನ್ನ ಗಂಡ ಶ್ರೀಧರ ನಗುತ್ತಾ ಡೇರೆಯ ಚೀಲವನ್ನು ವ್ಯಾನಿಗೆ ಹೇರಿದ. ಆದರೂ ಅತ್ತೆ ಸಂಭ್ರಮದಿಂದಲೇ ಹೊರಟರು. ಹೊರಡುವ ದಿನ ಬೆಳಗ್ಗೆ ವ್ಯಾನಿಗೆ ಪೂಜೆಯಾಗಬೇಕು ಎಂದದ್ದೂ ನಾನೇ. ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟು, ಮುಂದೆ ಅಂಟಿಸಿದ್ದ ಹೆಬ್ಬೆಟ್ಟಿನಷ್ಟು ಗಣೇಶನಿಗೆ ಕುಂಕುಮ ಹಚ್ಚಿ, ಅತ್ತೆ ಮಾಡಿಕೊಟ್ಟ ರವೆ ಉಂಡೆಯ ಡಬ್ಬಿಯನ್ನು ಅವನ ಮುಂದೆ ಇಟ್ಟು ನೈವೇದ್ಯ ಮಾಡಿದೆ. ತುಪ್ಪ, ಏಲಕ್ಕಿ, ಕೊಬ್ಬರಿಯ ವಾಸನೆ ಹೊಸ ಸೀಟಿನ ವಾಸನೆಯನ್ನು ಮೆಟ್ಟಿ ನಿಂತಿತು. ನಾನು ಹೇಳಿಕೊಳ್ಳುವುದು ದೇವರು ದಿಂಡರು ನಂಬದವಳು ಎಂದು. ಆಫೀಸಿನಲ್ಲಿ ಪಿಜ್ಜಾದ ಮೇಲಿನ ಮಾಂಸದ ಚೂರನ್ನು ಬೆರಳಿನಿಂದ ಆಚೆ ಸರಿಸಿ ಉಳಿದದ್ದನ್ನು ತಿಂದವಳು.

ಬೆಟ್ಟದ ಒಳಗಿನ ಸುರಂಗ ದಾಟಿ ಹೊರಬಂದ ಕೂಡಲೇ ಯೊಸೆಮಿಟಿ ಕಣಿವೆ ಒಂದೇ ಸಲಕ್ಕೆ ಕಾಣುತ್ತದೆ. ಮುಂಚೆ ಸ್ವಲ್ಪ, ಆಮೇಲೆ ಸ್ವಲ್ಪ ಎಂದಿಲ್ಲ. ಎಡಕ್ಕೆ ಆಕಾಶದಿಂದ ನೇರ ನೆಲಕ್ಕೆ ಇಳಿದ ಬೂದು ಬಂಡೆ, ಬಲಕ್ಕೆ ಗಾಳಿಗೆ ಓಲಾಡುವ ತೆಳ್ಳಗಿನ ಜಲಪಾತ, ದೂರದಲ್ಲಿ ಅರ್ಧ ಸೀಳಿ ನಿಲ್ಲಿಸಿದ ಗುಮ್ಮಟದಂಥ ಶಿಖರ, ಕೆಳಗೆಲ್ಲ ಕಪ್ಪು ಹಸಿರು ಮರಗಳು. ಬೇಸಿಗೆಯ ಶುರು, ಹಿಮ ಕರಗಿ ಎಲ್ಲ ಕಡೆ ನೀರು ಇಳಿಯುತ್ತಿತ್ತು. ನಾನು ಅತ್ತೆಯ ಮುಖ ನೋಡುತ್ತಾ, ಯಾವುದಕ್ಕೆ ಹೋಲಿಸುತ್ತಾರೋ ಎಂದು ಕಾಯುತ್ತಿದ್ದೆ. ಅವರು ಯಾವುದಕ್ಕೂ ಹೋಲಿಸಲಿಲ್ಲ. ಪಾರ್ಕಿಂಗಿನ ಡಾಂಬರಿನ ಮೇಲೆ ಚಪ್ಪಲಿ ಬಿಟ್ಟು, ಮೋಟುಗೋಡೆಯವರೆಗೆ ಬರಿಗಾಲಲ್ಲಿ ನಡೆದು ಹೋಗಿ ನಿಂತರು. ಅವರ ಕೈ ಹಿಡಿದುಕೊಂಡಿದ್ದ ಆರು ವರ್ಷದ ನಮ್ಮ ಮಗಳು ಅನು ತಾನೂ ಶೂ ಬಿಚ್ಚಿದಳು.

ಡೇರೆ ಹಾಕುವ ಜಾಗದಲ್ಲಿ ನೇಮಗಳು ಬಹಳ. ಬಾಗಿಲಲ್ಲೇ ಕಾಗದ ಕೊಟ್ಟು, ಬಾಯಲ್ಲೂ ಹೇಳಿ, ಕೆಳಗೆ ಸಹಿಯನ್ನೂ ಹಾಕಿಸಿಕೊಂಡರು. ಕರಡಿಗಳು ಬರುತ್ತವೆ. ವಾಸನೆಯಿರುವ ಯಾವುದೂ ರಾತ್ರಿ ಕಾರಿನಲ್ಲಿರಬಾರದು, ಡೇರೆಯಲ್ಲೂ ಇರಬಾರದು. ತಿಂಡಿ, ಸೋಪು, ಹಲ್ಲುಜ್ಜುವ ಪೇಸ್ಟು, ಎಲ್ಲವನ್ನೂ ಅಲ್ಲೇ ನೆಲಕ್ಕೆ ಜಡಿದ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಚಿಲಕ ಹಾಕಬೇಕು. ನಾನು ಇದನ್ನು ಕನ್ನಡದಲ್ಲಿ ಹೇಳಿದಾಗ ಅತ್ತೆ ತಲೆನೋವಿನ ಮುಲಾಮು, ಕೊಬ್ಬರಿ ಎಣ್ಣೆಯ ಬಾಟಲಿ, ಬಾಯಿಗೆ ಹಾಕಿಕೊಳ್ಳುವ ಲವಂಗವನ್ನು ಸಹ ತಂದು ಪೆಟ್ಟಿಗೆಯಲ್ಲಿಟ್ಟರು. ಅವತ್ತು ಜನ ಜಾಸ್ತಿ, ಪಕ್ಕದ ಡೇರೆಯವರಿಗೂ ನಮಗೂ ಸೇರಿ ಒಂದೇ ಪೆಟ್ಟಿಗೆ. ಅವರ ಮಾಂಸದ ಪೊಟ್ಟಣಗಳು ನಮ್ಮ ಮೊಸರನ್ನದ ಪಕ್ಕಕ್ಕೆ ಬಂದು ಕೂತಿದ್ದವು. ಉಳಿದದ್ದು ಉಂಡೆಯ ಡಬ್ಬಿ ಒಂದೇ. ಅದನ್ನು ಹಿಡಿದುಕೊಂಡು ಪೆಟ್ಟಿಗೆಯ ಮುಂದೆ ನಿಂತವಳು ನಾನು.

"ಇಟ್ಬಿಡೇ ಅದನ್ನೂ," ಎಂದರು ಅತ್ತೆ. "ಇಲ್ಲಿನ ನೇಮ ಹಂಗಿದ್ರೆ ಹಂಗೇ ಮಾಡ್ಬೇಕು. ದೇವ್ರು ಏನೂ ಅಂದ್ಕೊಳಲ್ಲ."

ಇಡಲು ಕೈ ಬರಲಿಲ್ಲ. ಯಾಕೆ ಎಂದು ಈಗಲೂ ಸರಿಯಾಗಿ ಹೇಳಲಾರೆ. ಮಂಡ್ಯದ ನಮ್ಮ ಮನೆಯಲ್ಲಿ ಅಜ್ಜಿ ಎಂಜಲು, ಮುಸುರೆ ಎಂದು ದಿನವಿಡೀ ಗೆರೆ ಎಳೆಯುತ್ತಿದ್ದರು. ಅನ್ನದ ಪಾತ್ರೆ ಮುಟ್ಟಿದ ಕೈಯಲ್ಲಿ ಮೊಸರು ಮುಟ್ಟುವಂತಿಲ್ಲ, ಉಪ್ಪಿನಕಾಯಿಯ ಜಾಡಿಯ ಹತ್ತಿರ ಸುಳಿಯುವಂತಿಲ್ಲ. ಪ್ರಸಾದವನ್ನಂತೂ ಎಡಗೈಗೆ ತಗಲಿಸಿದರೆ ಕೆನ್ನೆಗೆ ಬೀಳುತ್ತಿತ್ತು. ನಾನು ಅದನ್ನೆಲ್ಲ ಗೇಲಿ ಮಾಡಿಕೊಂಡೇ ದೊಡ್ಡವಳಾದೆ. ಮೂವತ್ತನಾಲ್ಕನೆಯ ವಯಸ್ಸಿನಲ್ಲಿ, ಸಮುದ್ರದ ಈಚೆ ದಡದಲ್ಲಿ, ಅಜ್ಜಿ ನನ್ನ ಮೊಣಕೈ ಹಿಡಿದು ನಿಲ್ಲಿಸಿದರು. ಮುಚ್ಚಳ ಬಿಗಿಯಾಗಿದೆ, ಒಂದೇ ಡಬ್ಬಿ, ಕಾರಿನ ಪೂಜೆಯದು ಕಾರಿನಲ್ಲೇ ಇರಲಿ ಬಿಡಿ ಎಂದು ಅತ್ತೆಗೆ ಹೇಳಿ, ಅದನ್ನು ವಾಪಸು ಗಣೇಶನ ಮುಂದೆ ಇಟ್ಟು ಬಂದೆ. ಅತ್ತೆ ಇನ್ನೊಂದು ಸಲ, ಬೇಡ ಕಣೇ, ಎಂದರು. ಎಷ್ಟಾದರೂ ಸೊಸೆಯ ಮನೆಗೆ ನೆಂಟರಾಗಿ ಬಂದವರು, ಅದಕ್ಕಿಂತ ಹೆಚ್ಚು ಹೇಳಲಿಲ್ಲ.

ಬೆಳಗ್ಗೆ ಎದ್ದು ನೋಡಿದರೆ ವ್ಯಾನಿನ ಮುಂದಿನ ಬಾಗಿಲಿನ ಮೇಲ್ಭಾಗ ಹೊರಕ್ಕೆ ಮಡಚಿಕೊಂಡಿತ್ತು. ಗಾಜು ಕಾಳುಕಾಳಾಗಿ ಸೀಟಿನ ಮೇಲೆ ಬಿದ್ದಿತ್ತು, ಸೀಟಿನ ಹತ್ತಿ ಹೊರಗೆ ಬಂದಿತ್ತು. ಗಣೇಶ ಅಲ್ಲಾಡದೆ ತನ್ನ ಜಾಗದಲ್ಲೇ ಇದ್ದ. ಡಬ್ಬಿ ಹತ್ತು ಮಾರು ಆಚೆ ದೇವದಾರು ಮರದ ಬುಡದಲ್ಲಿ ಸಿಕ್ಕಿತು. ಒಂದು ರವೆಯ ಹರಳೂ ಉಳಿದಿರಲಿಲ್ಲ. ಶ್ರೀಧರ ಇನ್ಶೂರೆನ್ಸಿನವರಿಗೆ ಫೋನ್ ಮಾಡಲು ಅಂಗಡಿಯ ಹತ್ತಿರ ಹೋದ. ಅವನು ಆಚೆ ಹೋಗುವುದಕ್ಕೂ ಕಾಡಿನ ರೇಂಜರು ಈಚೆ ಬರುವುದಕ್ಕೂ ಸರಿಯಾಯಿತು.

ಐವತ್ತರ ಆಸುಪಾಸಿನ ಹೆಂಗಸು. ಅಗಲ ಟೋಪಿ, ಬಿಸಿಲಿಗೆ ಸಿಪ್ಪೆ ಏಳುತ್ತಿದ್ದ ಮೂಗು, ಸೊಂಟದಲ್ಲಿ ಪಿಸ್ತೂಲು. ಕೈಯಲ್ಲಿ ಒಂದು ಫಾರಮ್ಮು. ಯಾರಿಗೂ ಪೆಟ್ಟಾಗಿಲ್ಲ ತಾನೇ ಎಂದು ಮೊದಲು ಕೇಳಿದಳು. ಆಮೇಲೆ, ಕಾರಿನಲ್ಲಿ ತಿನ್ನುವ ಪದಾರ್ಥ ಏನಾದರೂ ಇತ್ತೇ ಎಂದು ಕೇಳಿದಳು.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಆಗಿನ ನಮ್ಮ ಹೆದರಿಕೆ ಎಂಥದ್ದೆಂದು ಹೇಳದಿದ್ದರೆ ನಿಮಗೆ ನಾನು ಬರೀ ದುಷ್ಟಳಾಗಿ ಕಾಣುತ್ತೇನೆ. ನಮ್ಮ ಗ್ರೀನ್ ಕಾರ್ಡಿನ ಫೈಲು ಆಗ ಯಾವುದೋ ಮೇಜಿನ ಮೇಲಿತ್ತು. ಯಾರದೋ ಪರಿಚಯದವರಿಗೆ ಸ್ಪೀಡಿಂಗ್ ಟಿಕೆಟ್ ಬಿದ್ದು ಫೈಲು ನಿಂತುಹೋಯಿತಂತೆ ಎಂಬಂಥ ಮಾತುಗಳು ನಮ್ಮವರು ಸೇರಿದ ಪ್ರತಿ ಪಾಟ್‌ಲಕ್ ಊಟದಲ್ಲೂ ಓಡಾಡುತ್ತಿದ್ದವು. ನಿಜವೋ ಸುಳ್ಳೋ ಯಾರೂ ವಿಚಾರಿಸುತ್ತಿರಲಿಲ್ಲ. ಯೂನಿಫಾರಂ ಹಾಕಿದವರು ನಮ್ಮ ಹೆಸರನ್ನು ಯಾವ ಕಾಗದದ ಮೇಲೆ ಬರೆದರೂ ಆ ಕಾಗದ ನೆಟ್ಟಗೆ ಆ ಮೇಜಿಗೆ ಹೋಗುತ್ತದೆಂದು ನಾವು ನಂಬಿದ್ದೆವು. ಹಿಂದಿನ ದಿನ ನಾನೇ ಸಹಿ ಮಾಡಿದ ನೇಮದ ಕಾಗದ ನನ್ನ ಜೇಬಿನಲ್ಲೇ ಇತ್ತು.

"ನೋ ಫುಡ್," ಎಂದೆ.

ಅವಳು ಡಬ್ಬಿಯನ್ನು ಎತ್ತಿ ನೋಡಿ, ಇದೇನು ಎಂದಳು. ಅದು ಪೂಜೆಯ ಸಾಮಾನು, ನಮ್ಮ ದೇವರ ಮುಂದೆ ಇಡುವುದು, ತಿನ್ನುವುದಕ್ಕಲ್ಲ ಎಂದೆ. ದೇವರ ವಿಷಯ ಎಂದ ಕೂಡಲೇ ಅವಳು ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಮರ್ಯಾದೆಯಿಂದ ನನಗೆ ವಾಪಸು ಕೊಟ್ಟಳು. ಆ ಮರ್ಯಾದೆಯನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

ಆಮೇಲೆ ಅವಳು ಬಹಳ ತಾಳ್ಮೆಯಿಂದ ನನಗೆ ವಿವರಿಸಿದಳು. ಈ ಕರಡಿ ಅವರಿಗೆ ಗೊತ್ತಿರುವಂಥದೇ, ಕಿವಿಗೆ ನಂಬರಿನ ಬಿಲ್ಲೆ ಹಾಕಿದ್ದಾರೆ, ಹೆಣ್ಣು. ಕಾರಿನಲ್ಲಿ ತಿಂಡಿ ಇಟ್ಟಿದ್ದರೆ ತಪ್ಪು ಇಟ್ಟವರದು. ಏನೂ ಇಲ್ಲದ ಕಾರನ್ನೇ ಮುರಿಯಲು ಶುರು ಮಾಡಿದೆಯೆಂದರೆ ಅದು ಬೇರೆ ಮಾತು. ನಾಳೆ ಜನ ಮಲಗಿರುವ ಡೇರೆಗೂ ನುಗ್ಗೀತು. ಈಗಾಗಲೇ ಅದರ ಮೇಲೆ ಎರಡು ದೂರುಗಳಿವೆ. ಇದೂ ಸೇರಿ ಮೂರಾದರೆ ಹಿಡಿದು ಮುಗಿಸಬೇಕಾಗುತ್ತದೆ. ಅದಕ್ಕೇ ಇನ್ನೊಂದು ಸಲ ಕೇಳುತ್ತಿದ್ದೇನೆ, ಎಂದಳು.

ಆ ಕರಡಿಗೂ ನನ್ನ ಹಾಗೆ ಒಂದು ಫೈಲಿತ್ತು, ಒಂದು ನಂಬರಿತ್ತು. ನನ್ನ ಫೈಲನ್ನು ಉಳಿಸಿಕೊಳ್ಳಲು ಅದರ ಫೈಲಿನಲ್ಲಿ ಸುಳ್ಳು ಬರೆಸುತ್ತಿದ್ದೇನೆಂದು ನನಗೆ ಆ ಕ್ಷಣದಲ್ಲೇ ಗೊತ್ತಿತ್ತು. ಗೊತ್ತಾಗದೆ ಮಾಡಿದೆ ಎನ್ನುವ ಸಮಾಧಾನವೂ ನನಗಿಲ್ಲ.

ಅನು ನನ್ನ ಅಂಗಿಯ ತುದಿ ಜಗ್ಗಿದಳು. "ಬಟ್ ಅಮ್ಮಾ, ದಿ ಉಂಡೆ..."

"ಸುಮ್ನಿರು," ಎಂದೆ. "ಬಾಯಿ ಬಿಟ್ರೆ ನೋಡು."

ಮನೆಯಲ್ಲಿ ಕನ್ನಡ ಮಾತಾಡು, ಕನ್ನಡ ಮಾತಾಡು ಎಂದು ಆ ಮಗುವಿನ ಬೆನ್ನು ಹತ್ತಿದವಳು ನಾನು. ಅಜ್ಜಿ ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆಂದು ಎಲ್ಲರ ಹತ್ತಿರ ಕೊರಗಿದವಳು. ಅವತ್ತು ಎದುರಿಗಿದ್ದವಳಿಗೆ ತಿಳಿಯಬಾರದೆಂದು, ನಗುಮುಖ ಇಟ್ಟುಕೊಂಡೇ, ನನ್ನ ಭಾಷೆಯಲ್ಲಿ ಮಗಳ ಬಾಯಿ ಮುಚ್ಚಿಸಿದೆ. ಮಗು ಏನೋ ಹೇಳಿತಲ್ಲ ಎಂದು ರೇಂಜರು ಕೇಳಿದಳು. ಬೆಳಗಿನ ತಿಂಡಿ ಕೇಳುತ್ತಿದ್ದಾಳೆ ಎಂದೆ. ಅವಳು ಅನುವಿನ ತಲೆ ಸವರಿ, ಫಾರಮ್ಮಿನಲ್ಲಿ ಏನನ್ನೋ ಬರೆದು, ಏನಾದರೂ ನೆನಪಾದರೆ ಫೋನ್ ಮಾಡಿ ಎಂದು ಒಂದು ಕಾರ್ಡು ಕೊಟ್ಟು ಹೋದಳು.

ಅತ್ತೆ ಇಷ್ಟು ಹೊತ್ತೂ ಡೇರೆಯ ಬಾಗಿಲಲ್ಲಿ ನಿಂತಿದ್ದರು. ಇಂಗ್ಲಿಷು ಬಾರದಿದ್ದರೂ ನನ್ನ ಮುಖ ಓದಲು ಬರುತ್ತಿತ್ತು. ಏನಂದರು ಎಂದು ಕೇಳಿದರು. ಹೇಳಿದೆ, ಕರಡಿಯ ವಿಷಯವನ್ನೂ ಸೇರಿಸಿ. ಅವರು ವ್ಯಾನಿನ ಹತ್ತಿರ ಹೋದರು. ಗಾಜಿನ ಚೂರುಗಳನ್ನು ಒಂದೊಂದಾಗಿ ಆರಿಸಿ ಕಾಗದದಲ್ಲಿ ಕಟ್ಟತೊಡಗಿದರು.

ಇದನ್ನು ಹೇಳುವಾಗ ನನಗೆ ಅಪ್ಪನ ನೆನಪಾಗುತ್ತದೆ. ಅಪ್ಪ ಪ್ರತಿ ಶನಿವಾರ ಗೋಡೆಯ ಬುಡದ ಇರುವೆಗೂಡಿಗೆ ಸಕ್ಕರೆ ಹಾಕುತ್ತಿದ್ದರು. ಮೇಲುಕೋಟೆಯ ಬೆಟ್ಟದ ಮೆಟ್ಟಿಲು ಹತ್ತುವಾಗ ಬಾಳೆಹಣ್ಣಿನ ಚಿಪ್ಪು ತೆಗೆದುಕೊಂಡು ಹೋಗಿ ಕೋತಿಗಳಿಗೆ ಹಂಚುತ್ತಿದ್ದರು. ಒಂದು ಕೋತಿ ನನ್ನ ಹೊಸ ರಿಬ್ಬನ್ನು ಕಿತ್ತುಕೊಂಡು ಗೋಪುರ ಏರಿತ್ತು, ನಾನು ಅತ್ತರೆ ಅಪ್ಪ, ಅದೂ ಒಂದು ಜೀವ ತಾನೇ, ಕಟ್ಟಿಕೊಳ್ಳಲಿ ಬಿಡು ಎಂದು ನಕ್ಕಿದ್ದರು. ಪ್ರಾಣಿಗೆ ತಿನ್ನಿಸಿದರೆ ಪುಣ್ಯ ಎಂದು ತಿಳಿದು ಬೆಳೆದವಳು ನಾನು. ನಾವು ತಿನ್ನಿಸಿದ್ದರಿಂದಲೇ ಒಂದು ಪ್ರಾಣಿ ಸಾಯುತ್ತದೆ ಎಂಬುದು ನನ್ನ ತಲೆಗೆ ಹೊಸ ವಿಷಯ. ಹಾಗೆಂದು ಇದು ನೆಪವಾಗುವುದಿಲ್ಲ. ಉಂಡೆ ಇಟ್ಟದ್ದು ಅಜ್ಜಿಯ ಕಾಲದ ಅಭ್ಯಾಸ ಎನ್ನಬಹುದು. ಸುಳ್ಳು ಹೇಳಿದ್ದಕ್ಕೆ ಯಾವ ಅಜ್ಜಿಯೂ ಹೊಣೆಯಲ್ಲ.

ಮುರಿದ ಕಿಟಕಿಗೆ ಪ್ಲಾಸ್ಟಿಕ್ಕು ಅಂಟಿಸಿಕೊಂಡು ಅವತ್ತು ಕಣಿವೆಯನ್ನೆಲ್ಲ ಸುತ್ತಿದೆವು. ಬಂದದ್ದು ಬಂದಾಗಿದೆ, ನೋಡಿಕೊಂಡೇ ಹೋಗೋಣ ಎಂದ ಶ್ರೀಧರ. ಅಷ್ಟು ಚೆಂದದ ದಿನವನ್ನು ನಾನು ಅದಕ್ಕೆ ಮುಂಚೆಯೂ ಕಂಡಿರಲಿಲ್ಲ, ಆಮೇಲೆಯೂ ಇಲ್ಲ. ಹುಲ್ಲುಗಾವಲಿನ ಮಧ್ಯೆ ಹೊಳೆ ಸದ್ದಿಲ್ಲದೆ ಹರಿಯುತ್ತಿತ್ತು, ತಳದ ಕಲ್ಲುಗಳನ್ನು ಎಣಿಸಬಹುದಾಗಿತ್ತು. ಮೊಣಕಾಲೆತ್ತರದ ಹುಲ್ಲಿನಲ್ಲಿ ಜಿಂಕೆಗಳು ಜನರ ಪರಿವೆಯಿಲ್ಲದೆ ಮೇಯುತ್ತಿದ್ದವು. ದೊಡ್ಡ ಜಲಪಾತದ ಕೆಳಗೆ ನಿಂತರೆ ತುಂತುರು ಮುಖಕ್ಕೆ ಹೊಡೆದು, ಅದರಲ್ಲಿ ಕಾಮನಬಿಲ್ಲು ಮೂಡಿ ನಮ್ಮ ಜೊತೆಯೇ ನಡೆದು ಬರುತ್ತಿತ್ತು. ಸಂಜೆ ಬಂಡೆಗಳೆಲ್ಲ ಮೊದಲು ಚಿನ್ನದ ಬಣ್ಣಕ್ಕೆ, ಆಮೇಲೆ ಗುಲಾಬಿಗೆ ತಿರುಗಿದವು. ಇದನ್ನೆಲ್ಲ ನೋಡಲು ಜನ ಪ್ರಪಂಚದ ತುದಿಗಳಿಂದ ಬರುತ್ತಾರೆ. ನಾನು ಮಾತ್ರ ಪೊದೆಗಳ ಸಂದಿಯಲ್ಲಿ ಕಂದು ಬಣ್ಣದ್ದೇನಾದರೂ ಅಲ್ಲಾಡಿದರೆ ಬೆಚ್ಚಿ ಬೀಳುತ್ತಿದ್ದೆ. ಬಂಡೆ, ನೀರು, ಮರ ಎಲ್ಲವೂ ಅದರ ಮನೆ. ಆ ಮನೆಗೆ ನೆಂಟಳಾಗಿ ಹೋಗಿ, ಮನೆಯವಳ ಮೇಲೆ ದೂರು ಬರೆಸಿ, ಅಂಗಳದಲ್ಲಿ ನಿಂತು ಫೋಟೊ ಹೊಡೆಸಿಕೊಳ್ಳುತ್ತಿದ್ದೆ. ಆ ಸಲದ ಫೋಟೊಗಳಲ್ಲಿ ಎಲ್ಲರೂ ಕ್ಯಾಮೆರಾ ನೋಡುತ್ತಿದ್ದಾರೆ, ನಾನೊಬ್ಬಳು ನೆಲ ನೋಡುತ್ತಿದ್ದೇನೆ.

ವಾಪಸು ಬರುವ ದಾರಿಯಲ್ಲಿ, ಒಣಹುಲ್ಲಿನ ಗುಡ್ಡಗಳು ಶುರುವಾದ ಮೇಲೆ, ಹಿಂದಿನ ಸೀಟಿನಿಂದ ಅನುವಿನ ದನಿ ಬಂತು. ಮೂರು ಪದ ಕನ್ನಡ ಸೇರಿಸಿ ಹೇಳದ ಮಗು, ಅಜ್ಜಿಗೂ ಅರ್ಥವಾಗಲಿ ಎಂದೋ ಏನೋ, ಕನ್ನಡದಲ್ಲೇ ಕೇಳಿತು.

"ಅಜ್ಜಿ, ಕರಡೀನ ಸಾಯಿಸ್ತಾರಾ?"

ಶ್ರೀಧರ ರೇಡಿಯೊ ಹಾಕಿದ. ಅವನಿಗೆ ನಾನು ನಡೆದದ್ದನ್ನು ಹೇಳಿದ್ದೆ. ಕಾಡುಪ್ರಾಣಿಯ ವಿಷಯ ಅವರಿಗೆ ಗೊತ್ತು, ನೋಡಿಕೊಳ್ಳುತ್ತಾರೆ, ನೀನೀಗ ಕೆದಕಬೇಡ ಎಂದುಬಿಟ್ಟಿದ್ದ. ಅವನೂ ಅದೇ ಫೈಲಿನ ಒಳಗಿದ್ದವನಲ್ಲವೇ.

ಸೋಮವಾರ ಆಫೀಸಿನಲ್ಲಿ ಒಬ್ಬ ಹುಡುಗನ ಪ್ರೋಗ್ರಾಮಿನಲ್ಲಿ ತಪ್ಪು ಸಿಕ್ಕಿತು. ಅದನ್ನು ಬರೆಯಲು ಕೂತೆ. ಏನಾಯಿತು, ಹೇಗಾಯಿತು, ಯಾರ ಭಾಗ ಎಂಬ ಮೂರು ಖಾಲಿ ಜಾಗಗಳು. ಮಧ್ಯಾಹ್ನದವರೆಗೂ ತುಂಬಿಸಲಾಗಲಿಲ್ಲ. ಆ ಹುಡುಗನೇ ಬಂದು, ಯಾಕೆ ಹುಷಾರಿಲ್ಲವಾ ಎಂದು ಕೇಳಿ ನನಗೆ ಟೀ ತಂದುಕೊಟ್ಟ. ಅವತ್ತು ಬೇಗ ಮನೆಗೆ ಬಂದೆ. ರೇಂಜರಿನ ಕಾರ್ಡನ್ನು ಹೊರಗೆ ತೆಗೆಯುವುದು, ಒಳಗೆ ಇಡುವುದು ಮಾಡುತ್ತಾ ಇನ್ನೆರಡು ದಿನ ಕಳೆದೆ.

ಬುಧವಾರ ಸಂಜೆ ಅತ್ತೆ ಹುರುಳಿಕಾಯಿಯ ನಾರು ತೆಗೆಯುತ್ತಾ ಕೂತಿದ್ದವರು ತಲೆ ಎತ್ತದೆ ಮಾತು ತೆಗೆದರು.

"ಆಯಮ್ಮಂಗೆ ಫೋನ್ ಮಾಡು. ಡಬ್ಬಿ ಇಟ್ಟಿದ್ದು ನಮ್ಮತ್ತೆ ಅಂತ ಹೇಳು."

"ನೀವೆಲ್ಲಿ ಇಟ್ರಿ ಅತ್ತೆ? ನೀವು ಬೇಡ ಅಂದ್ರಿ."

"ಅದು ನಿಂಗೂ ನಂಗೂ ಗೊತ್ತು. ಬರೋ ತಿಂಗಳು ಊರಿಗೆ ಹೋಗೋಳು ನಾನು, ನಂಗ್ಯಾವ ಕಾರ್ಡು ಆಗ್ಬೇಕು ಹೇಳು. ವಯಸ್ಸಾದೋಳು, ಓದಕ್ಕೆ ಬರಲ್ಲ, ತಿಳೀದೆ ಇಟ್ಟಳು ಅಂತ ಅನ್ನು. ಆ ಜೀವ ಉಳೀಲಿ."

ಆಗ ನಾನು ಏನು ಹೇಳಬೇಕಿತ್ತೆಂದು ನಿಮಗೆ ಗೊತ್ತು, ನನಗೂ ಗೊತ್ತಿತ್ತು. ಬೇಡ ಅತ್ತೆ, ನನ್ನ ತಪ್ಪನ್ನು ನಾನೇ ಹೇಳುತ್ತೇನೆ ಎನ್ನಬೇಕಿತ್ತು. ನನಗಾದದ್ದು ನಾಚಿಕೆಯಲ್ಲ, ಹಗುರ. ತಲೆಯ ಮೇಲಿನ ಹೊರೆಯನ್ನು ಯಾರೋ ಇಳಿಸಿಕೊಂಡ ಹಾಗೆ ಹಗುರವಾಯಿತು. ನಾಚಿಕೆ ಆಮೇಲೆ ಬಂತು, ಬಂದದ್ದು ಇನ್ನೂ ಹೋಗಿಲ್ಲ.

ಗುರುವಾರ ಬೆಳಗ್ಗೆ ರಜೆ ಹಾಕಿ ಅಡುಗೆಮನೆಯ ಫೋನಿನಿಂದ ರೇಂಜರಿಗೆ ಕರೆ ಮಾಡಿದೆ. ಬೇಸಿಗೆ ರಜೆಯಿದ್ದುದರಿಂದ ಅನು ಅಲ್ಲೇ ಮೇಜಿನ ಹತ್ತಿರ ನನ್ನ ಪಕ್ಕ ಕೂತು ಬಣ್ಣ ತುಂಬುತ್ತಿದ್ದಳು. ಆ ಹೆಂಗಸೇ ಎತ್ತಿಕೊಂಡಳು. ಮೊದಲು ಕರಡಿಯನ್ನು ಏನಾದರೂ ಮಾಡಿದಿರಾ ಎಂದು ಕೇಳಿದೆ. ಇಲ್ಲ, ಬೋನು ಇಟ್ಟಿದ್ದೇವೆ, ಇನ್ನೂ ಬಿದ್ದಿಲ್ಲ ಎಂದಳು. ಆಗ ಹೇಳಿದೆ. ಡಬ್ಬಿಯಲ್ಲಿ ಸಿಹಿ ಇತ್ತು. ನಮ್ಮ ಅತ್ತೆ ಇಟ್ಟಿದ್ದರು. ಇಂಡಿಯಾದಿಂದ ಬಂದವರು, ವಯಸ್ಸಾದವರು, ನೇಮ ತಿಳಿಯದು. ನನಗೆ ಆಮೇಲೆ ಗೊತ್ತಾಯಿತು. ಇಷ್ಟನ್ನೂ ಒಂದೂ ತಪ್ಪಿಲ್ಲದ ಇಂಗ್ಲಿಷಿನಲ್ಲಿ ಹೇಳಿದೆ.

ಆ ಕಡೆ ಪೆನ್ನಿನ ಸದ್ದು ಕೇಳಿಸಿತು. ಫಾರಮ್ಮು ತಿದ್ದುತ್ತಿದ್ದೇನೆ, ಈ ದೂರು ಇನ್ನು ಕರಡಿಯ ಮೇಲೆ ಇರುವುದಿಲ್ಲ, ಬೋನನ್ನೂ ಇವತ್ತೇ ತೆಗೆಸುತ್ತೇನೆ ಎಂದಳು. ನಮಗೆ ಏನಾಗುತ್ತದೆ ಎಂದು ಕೇಳಿದೆ. ಏನೂ ಇಲ್ಲ. ಅವತ್ತು ಅಲ್ಲೇ ಹೇಳಿದ್ದರೂ, ಯಾರು ಇಟ್ಟಿದ್ದರೂ, ಮುಂದೆ ಹೀಗೆ ಮಾಡಬೇಡಿ ಎಂದು ಬುದ್ಧಿ ಹೇಳಿ ಕಳಿಸುತ್ತಿದ್ದೆ, ಎಂದಳು. ಇಂಥ ಫೋನು ಯಾರೂ ಮಾಡುವುದಿಲ್ಲ, ನಿಮ್ಮ ಅತ್ತೆಗೆ ನನ್ನ ಕಡೆಯಿಂದ ಥ್ಯಾಂಕ್ಸ್ ಹೇಳಬೇಕು, ಅವರು ಹತ್ತಿರದಲ್ಲಿದ್ದಾರಾ ಎಂದು ಕೇಳಿದಳು.

ಭಯಪಡಲು ಏನೂ ಉಳಿದಿರಲಿಲ್ಲ. ಕರಡಿ ಉಳಿದಿತ್ತು, ಫೈಲು ಉಳಿದಿತ್ತು. ರಿಸೀವರು ಇನ್ನೂ ನನ್ನ ಕೈಯಲ್ಲೇ ಇತ್ತು. ಇಟ್ಟವಳು ನಾನೇ ಎನ್ನಲು ಎರಡು ಪದ ಸಾಕಿತ್ತು. ಅವಳ ಹೊಗಳಿಕೆಯ ದನಿ ಕೇಳುತ್ತಾ, ಒಂದು ಸಲ ಒಳ್ಳೆಯವಳಾಗಿ ಕಂಡ ಮೇಲೆ, ಆ ಎರಡು ಪದ ಬಾಯಿಂದ ಹೊರಡಲಿಲ್ಲ. ಅತ್ತೆಯನ್ನು ಕರೆದೆ.

ಅತ್ತೆ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದರು. ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದು, ಊರಿಗೆ ಫೋನ್ ಮಾಡುವಾಗಿನಷ್ಟೇ ಗಟ್ಟಿಯಾಗಿ ಹಲೋ ಎಂದರು. ಆ ಕಡೆಯವಳು ಥ್ಯಾಂಕ್ಸ್ ಹೇಳುತ್ತಿದ್ದಳು, ನನಗೂ ಕೇಳಿಸುತ್ತಿತ್ತು. ಅತ್ತೆಗೆ ಅವಳು ಬೈಯುತ್ತಿದ್ದಾಳೆಂದು ಅನ್ನಿಸಿರಬೇಕು.

"ಸಾರಿ," ಎಂದರು. "ಸಾರಿ ಕಣಮ್ಮ. ನಂದೇ ತಪ್ಪು. ಸಾರಿ."

ಫೋನನ್ನು ನಿಧಾನವಾಗಿ ಅದರ ಜಾಗಕ್ಕೆ ತೂಗುಹಾಕಿ ನನ್ನ ಕಡೆ ತಿರುಗಿದರು.

"ಸರಿಯಾಗಿ ಹೇಳಿದ್ನೇನೇ?" ಎಂದು ಕೇಳಿದರು.

ಹೂಂ ಅತ್ತೆ, ಸರಿಯಾಗಿ ಹೇಳಿದಿರಿ ಎಂದೆ. ಅನು ಬಣ್ಣದ ಪೆನ್ಸಿಲು ಕೆಳಗಿಟ್ಟು, ನನ್ನ ಪಕ್ಕದಿಂದ ಎದ್ದು, ಅಜ್ಜಿಯ ಹತ್ತಿರ ಹೋಗಿ ನಿಂತಳು.